ಬಾಣಂತಿ ಕೋಣೆಗೊಂದು ಎ.ಸಿ.

ಹೊಟ್ಟೆಕಿಚ್ಚು ಪಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆದರೆ ಮುಚ್ಚಿಟ್ಟು ಪ್ರಯೋಜನವೂ ಇಲ್ಲ. ನನ್ನ ಮುಖ ನೋಡಿದರೇ ಗೊತ್ತಾಗುತ್ತದೆ ಅಂತ ನನ್ನ ಯಜಮಾನರು ಹೇಳುತ್ತಾರೆ. ಬೇರೆಯವರ ಸೀರೆ, ಬೇರೆಯವರ ಮಕ್ಕಳ ಮಾರ್ಕು, ಬೇರೆಯವರ ನಳದಲ್ಲಿ ಬರುವ ನೀರಿನ ರಭಸ, ಎಲ್ಲಕ್ಕೂ ನಾನು ಉರಿದುಕೊಂಡಿದ್ದೇನೆ. ಆದರೆ ಆ ಒಂದು ವರ್ಷ ನನ್ನ ಬೀಗಿತ್ತಿಯ ಮೇಲೆ, ಅಂದರೆ ಮಗಳ ಅತ್ತೆಯ ಮೇಲೆ, ನಾನು ಪಟ್ಟ ಹೊಟ್ಟೆಕಿಚ್ಚಿಗೆ ಮಾತ್ರ ಸಾಟಿಯಿಲ್ಲ. ನಮ್ಮ ಮನೆಗೆ ಎ.ಸಿ. ಬಂದದ್ದು ಅದರಿಂದಲೇ.

ನಾವು ಧಾರವಾಡದ ಕಡೆಯವರು. ಯಜಮಾನರಿಗೆ ಪುಣೆಯ ಒಂದು ಕಾರಖಾನೆಯ ಸ್ಟೋರಿನಲ್ಲಿ ಕೆಲಸ. ತೊಂಬತ್ತರ ದಶಕದ ನಡುವೆ ಕಾತ್ರಜದ ಹತ್ತಿರ ಎರಡು ಕೋಣೆಯ ಫ್ಲ್ಯಾಟು ಕೊಂಡೆವು. ಮೂರನೆಯ ಮಹಡಿ, ಅದರ ಮೇಲೆ ಬರೀ ತಾರಸಿಯ ಗಚ್ಚು. ಕೊನೆಯ ಮಹಡಿ ಅಂತ ಬಿಲ್ಡರ್ ಸ್ವಲ್ಪ ಕಡಿಮೆ ಮಾಡಿದ. ಕಡಿಮೆ ಯಾಕೆ ಮಾಡಿದ ಎನ್ನುವುದು ಗೊತ್ತಾದದ್ದು ಮೊದಲನೆಯ ಏಪ್ರಿಲ್‌ನಲ್ಲಿ. ಹಗಲೆಲ್ಲ ಕಾದ ಗಚ್ಚು ರಾತ್ರಿ ಹನ್ನೆರಡರ ತನಕ ನಮ್ಮ ತಲೆಯ ಮೇಲೆ ಆ ಬಿಸಿಯನ್ನು ಇಳಿಸುತ್ತಿತ್ತು. ಅದೇ ಮನೆ ಡಿಸೆಂಬರ್, ಜನವರಿಯಲ್ಲಿ ಕಲ್ಲಿನ ಹಾಗೆ ತಣ್ಣಗಾಗುತ್ತಿತ್ತು; ಮಗಳು ಎರಡು ಸ್ವೆಟರ್ ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದಳು.

ಬೇಸಿಗೆಗೆ ನಾವು ಮಾಡದ ಉಪಾಯವಿಲ್ಲ. ಸಂಜೆ ಮೇಲೆ ಹೋಗಿ ಗಚ್ಚಿಗೆ ನೀರು ಹೊಡೆದೆವು, ಕೆಳಗಿನ ಮನೆಯವರು ಟಾಕಿಯ ನೀರು ಖಾಲಿಯಾಗುತ್ತದೆ ಅಂತ ಜಗಳಕ್ಕೆ ಬಂದರು. ಸುಣ್ಣ ಬಳಿಸಿದೆವು, ಮಳೆಗಾಲದಲ್ಲಿ ತೊಳೆದುಹೋಯಿತು. ಕಿಟಕಿಗೆ ಒದ್ದೆ ಪಂಚೆ ಕಟ್ಟಿದೆವು. ಎದುರು ಮನೆಯವರು ಹುಲ್ಲಿನ ಜಾಳಿಯ ದೊಡ್ಡ ಕೂಲರ್ ತಂದ ದಿನ ನಾನು ಊಟ ಮಾಡಲಿಲ್ಲ. ಮರುವರ್ಷ ನಾವೂ ತಂದೆವು. ಅದು ಗಾಳಿಗಿಂತ ಹೆಚ್ಚು ಸಪ್ಪಳ ಕೊಡುತ್ತಿತ್ತು. ಆದರೂ ಎದುರು ಮನೆಯವರದಕ್ಕಿಂತ ಒಂದು ಗೇಣು ದೊಡ್ಡದಿತ್ತು, ನನಗೆ ನಿದ್ದೆ ಬಂತು.

ಹೀಗೆ ಹತ್ತು ವರ್ಷ ಕಳೆಯಿತು. ಮಗಳ ಮದುವೆಯಾಯಿತು. ಅಳಿಯ ಹಿಂಜವಡಿಯಲ್ಲಿ ಕೆಲಸ ಮಾಡುವವನು, ಮನೆ ಪುಣೆಯ ಇನ್ನೊಂದು ತುದಿಗೆ, ವಾಕಡದಲ್ಲಿ. ಮೂಲ ಬೆಂಗಳೂರಿನವರು. ಬೀಗಿತ್ತಿ ಬ್ಯಾಂಕಿನಲ್ಲಿ ಆಫೀಸರ್ ಆಗಿ ನಿವೃತ್ತರಾಗಿ, ಗಂಡ ಹೋದ ಮೇಲೆ ಮಗನ ಜೊತೆ ಇಲ್ಲಿಗೆ ಬಂದವರು. ತಿಂಗಳು ತಿಂಗಳು ಪೆನ್ಶನ್. ಇಸ್ತ್ರಿ ಮಾಡಿದ ಕಾಟನ್ ಸೀರೆ. ಮಾತೂ ಹಾಗೇ ಇಸ್ತ್ರಿ ಮಾಡಿದ ಹಾಗೆ. ನಾನು "ಬರ್ರಿ, ಕೂಡ್ರಿ" ಅಂದರೆ ಅವರು "ಅಯ್ಯೋ ಪರ್ವಾಗಿಲ್ಲ ಬಿಡಿ" ಅನ್ನುತ್ತಿದ್ದರು. ಆ ಪರ್ವಾಗಿಲ್ಲ ಕೇಳಿದರೆ ನನಗೆ ನನ್ನ ಮನೆಯ ಕುರ್ಚಿಯಲ್ಲಿ ಏನೋ ಊನ ಇದೆ ಅನ್ನಿಸುತ್ತಿತ್ತು.

ಮಗಳು ಬಸುರಿಯಾದಳು. ಏಪ್ರಿಲ್‌ನಲ್ಲಿ ಹೆರಿಗೆ ಅಂದರು ಡಾಕ್ಟರು. ನನಗೆ ಆ ಒಂದೇ ಧ್ಯಾನ. ಚೊಚ್ಚಲ ಬಾಣಂತನ ತವರಿನದು. ಅದರಲ್ಲಿ ಯಾರ ಮಾತೂ ಇಲ್ಲ. ನನಗಿರುವವಳು ಒಬ್ಬಳೇ ಮಗಳು. ನನ್ನ ತಾಯಿ ನನಗೆ ಮಾಡಿದ ಹಾಗೆ ನಾನು ಅವಳಿಗೆ ಮಾಡಬೇಕು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯಬೇಕು ಅಂತ ಅವಳು ಸ್ಕೂಲಿಗೆ ಹೋಗುವಾಗಿನಿಂದ ನಾನು ಕನಸು ಕಂಡಿದ್ದೆ. ಹಳೆಯ ಧೋತರ ಹರಿದು, ಕುದಿಸಿ, ಮಡಿಸಿ ಇಟ್ಟೆ. "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಯೂದು ಅಂದ್ರ ಇದ ನೋಡು" ಅಂತ ಯಜಮಾನರು ನಕ್ಕರು. ನಾನು ಕುಲಾಯಿಯನ್ನೂ ಹೊಲಿದಿಟ್ಟಿದ್ದೆ.

ಜನವರಿಯಲ್ಲಿ ಸೀಮಂತದ ಮಾತುಕತೆಗೆ ಅಂತ ನಾವಿಬ್ಬರೂ ವಾಕಡಕ್ಕೆ ಹೋದೆವು. ಅಲ್ಲಿ ಆಗ ಸುತ್ತಲೂ ಖಾಲಿ ಹೊಲ, ನಡುವೆ ನಡುವೆ ಏಳುತ್ತಿದ್ದ ಬಿಲ್ಡಿಂಗು. ಗಾಳಿ ಎಲುಬಿಗೆ ನಾಟುತ್ತಿತ್ತು. ಬೀಗಿತ್ತಿ ಬಾಗಿಲು ತೆರೆದದ್ದೇ ತಡ, ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಒಲೆಯಿಲ್ಲ, ಅಗ್ಗಿಷ್ಟಿಕೆಯಿಲ್ಲ. ಗೋಡೆಯ ಮೇಲೆ ಒಂದು ಬಿಳಿ ಪೆಟ್ಟಿಗೆ ಕೂತಿತ್ತು. ಮಗಳು ಅದರ ಕೆಳಗೆ ಸೋಫಾದಲ್ಲಿ ಕಾಲು ಚಾಚಿಕೊಂಡು ಕೂತಿದ್ದಳು. ನಮ್ಮ ಮನೆಯಲ್ಲಿ ಈ ತಿಂಗಳಲ್ಲಿ ಅವಳ ಪಾದ ಮಂಜುಗಡ್ಡೆಯಾಗಿರುತ್ತಿತ್ತು. ನಾನು ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಮಗಳ ಪಾದ ಬೆಚ್ಚಗಿದ್ದದ್ದಕ್ಕೆ ಯಾವ ತಾಯಿಗಾದರೂ ಸಂತೋಷವಾಗಬೇಕು. ನನಗಾಗಲಿಲ್ಲ.

ಚಹಾ ಕೊಟ್ಟು ಬೀಗಿತ್ತಿ ಮಾತು ತೆಗೆದರು.

"ಏಪ್ರಿಲ್ಲು ಅಂದ್ರೆ ನಿಮ್ಮನೇಲಿ ಕಷ್ಟ ಅಲ್ವಾ? ಟಾಪ್ ಫ್ಲೋರು, ಸೆಖೆ. ಬಾಣಂತನ ಇಲ್ಲೇ ಆಗ್ಲಿ ಬಿಡಿ. ನೀವೂ ಬಂದು ಇದ್ಬಿಡಿ. ಎ.ಸಿ. ಇದೆ. ಚಳೀಲಿ ಬಿಸಿ ಗಾಳಿ ಬರತ್ತೆ, ಬೇಸಿಗೇಲಿ ತಂಪು ಬರತ್ತೆ. ಎರಡೂ ಒಂದರಲ್ಲೇ."

ನಾನು ಮಗಳ ಮುಖ ನೋಡಿದೆ. ಅವಳು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ, ಆದರೆ ಬೇಡ ಅನ್ನಲಿಲ್ಲ. ಸುಮ್ಮನೆ ಪಾದ ನೋಡಿಕೊಂಡು ಕೂತಳು. ಆಗ ನನ್ನ ಬಾಯಿಂದ ಬಂದ ಮಾತು ನನಗೇ ಗೊತ್ತಿಲ್ಲದೆ ಬಂತು.

"ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕ್ರಿ. ಸೆಖಿ ಚಿಂತಿ ಮಾಡಬ್ಯಾಡ್ರಿ. ನಾವೂ ಎ.ಸಿ. ಹಾಕಸ್ಲಿಕ್ಕೆ ಹತ್ತೀವಿ. ಇಂಥಾದ್ದ, ಎರಡೂ ಬರೂದು."

ಯಜಮಾನರ ಕೈಯಲ್ಲಿದ್ದ ಬಿಸ್ಕೀಟು ಚಹಾದೊಳಗೆ ಮುರಿದು ಬಿತ್ತು. ಬೀಗಿತ್ತಿ ನನ್ನನ್ನು ಒಂದು ಗಳಿಗೆ ನೋಡಿದರು. "ಓ, ಹೌದಾ. ಹಾಗಾದ್ರೆ ಸರಿ" ಅಂದರು. ಅವರ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ಎಷ್ಟು ಹಿತವಾಯಿತೆಂದರೆ, ಸುಳ್ಳು ಹೇಳಿದ ಅಳುಕು ಕೂಡ ಆಗಲಿಲ್ಲ.

ಬಸ್ಸಿನಲ್ಲಿ ಸ್ವಾರಗೇಟಿನ ಹತ್ತಿರ ಯಜಮಾನರು ಮೆಲ್ಲಗೆ ಕೇಳಿದರು.

"ಯಾವಾಗ ಹಾಕಸ್ಲಿಕ್ಕೆ ಹತ್ತೀವಿ? ನನಗೇನ ಗೊತ್ತಿಲ್ಲಲಾ."

"ಈಗ ಗೊತ್ತಾತಲ್ಲ" ಅಂದೆ.

ಅವತ್ತೇ ಹಳೆಯ ವರ್ಷದ ಕ್ಯಾಲೆಂಡರಿನ ಒಂದು ಹಾಳೆ ಹರಿದು, ಅದರ ಬೆನ್ನಿನ ಮೇಲೆ ಖರ್ಚು ಬರೆಯಲು ಕೂತೆ. ಎ.ಸಿ. ಎಂದರೆ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತರುವ ವಸ್ತು ಅಂದುಕೊಂಡಿದ್ದೆ. ಅದು ವಸ್ತುವಲ್ಲ, ಒಂದು ಸಣ್ಣ ಸಂಸಾರ. ಅದಕ್ಕೆ ಸ್ಟ್ಯಾಬಿಲೈಜರ್ ಬೇಕು, ಬೇರೆ ವೈರ್ ಬೇಕು, ತಾಮ್ರದ ನಳಿಗೆ ಬೇಕು, ಹೊರಗಿನ ಭಾರದ ಪೆಟ್ಟಿಗೆಗೆ ಕಬ್ಬಿಣದ ಸ್ಟ್ಯಾಂಡು ಬೇಕು. ಇಷ್ಟೆಲ್ಲ ಆದ ಮೇಲೆ ಬರುವ ಕರೆಂಟ್ ಬಿಲ್ ಬೇರೆ. ವೈರಿಂಗಿನವನು ಬಂದು ನಮ್ಮ ಮೀಟರು ನೋಡಿ ತಲೆ ಅಲ್ಲಾಡಿಸಿದ. ಮೊದಲು ಮೀಟರು ಬದಲಿಸಬೇಕಂತೆ, ಇಲ್ಲವಾದರೆ ಎ.ಸಿ. ಹಾಕಿದ ಕೂಡಲೇ ಫ್ಯೂಜ್ ಹೋಗುತ್ತದಂತೆ. ಹಾಳೆಯ ಒಂದು ಮಗ್ಗುಲು ತುಂಬಿತು.

ಶಹರದಲ್ಲಿ ಒಂದು ಅಂಗಡಿಗೆ ಹೋದೆವು. ಮಾರುವ ಹುಡುಗ ಒಳ್ಳೆಯವನು. ಬರೀ ತಂಪು ಕೊಡುವುದಕ್ಕೆ ಇಪ್ಪತ್ತು ಸಾವಿರದ ಆಸುಪಾಸು, ಎರಡೂ ಕೊಡುವುದಕ್ಕೆ ಇನ್ನೂ ಏಳು ಸಾವಿರ ಹೆಚ್ಚು ಅಂದ. "ಕಾಕೂ, ನುಸ್ತಾ ಥಂಡ ಘ್ಯಾ. ಪುಣ್ಯಾತ ಹೀಟರಚಿ ಗರಜ ನಾಹೀ" ಅಂತ ತಾನಾಗಿಯೇ ಹೇಳಿದ. ಬರೀ ತಂಪಿನದು ಸಾಕು, ಪುಣೆಯಲ್ಲಿ ಹೀಟರ್ ಯಾತಕ್ಕೆ ಅಂತ. ಅಂಗಡಿಯವನೇ ಕಡಿಮೆಯದು ತೊಗೋ ಅನ್ನುವುದು ಜೀವಮಾನದಲ್ಲಿ ಎಷ್ಟು ಸಲ ಸಿಗುತ್ತದೆ? ಯಜಮಾನರ ಮುಖ ಅರಳಿತು. ಆದರೆ ನನ್ನ ಕಿವಿಯಲ್ಲಿ "ಎರಡೂ ಒಂದರಲ್ಲೇ" ಅನ್ನುವ ಮಾತು ಕೂತಿತ್ತು. ಎರಡೂ ಬೇಕು ಅಂದೆ.

"ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು" ಅಂದರು ಯಜಮಾನರು, ಹೊರಗೆ ಬಂದ ಮೇಲೆ.

"ನಿಮ್ಮ ಮಗಳು ಕಾಲು ಎಲ್ಲಿ ಚಾಚಿದ್ಲು ನೋಡಿದ್ರಿಲ್ಲೋ?" ಅಂದೆ.

ಮುಂದಿನ ಎರಡು ತಿಂಗಳು ನಾನು ದುಡ್ಡು ಕೂಡಿಸಿದ ಬಗೆ ನೆನೆಸಿದರೆ ಈಗಲೂ ನನ್ನ ಬಗ್ಗೆ ನನಗೆ ಭಯವಾಗುತ್ತದೆ. ನಮ್ಮ ಬಿಲ್ಡಿಂಗಿನ ಹೆಂಗಸರದು ಒಂದು ಭಿಶಿ ಇತ್ತು. ಎಲ್ಲರೂ ತಿಂಗಳಿಗಿಷ್ಟು ಅಂತ ಹಾಕಿ, ಚೀಟಿ ಎತ್ತಿ, ಒಬ್ಬೊಬ್ಬರಿಗೆ ಒಂದೊಂದು ತಿಂಗಳು ಗಂಟು ಕೊಡುವುದು. ನನ್ನ ಪಾಳಿ ಜೂನ್‌ನಲ್ಲಿತ್ತು. ಫೆಬ್ರುವರಿಯ ಪಾಳಿಯವಳಿಗೆ ನೂರು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟು ಪಾಳಿ ಬದಲಾಯಿಸಿಕೊಂಡೆ. ಧನಕವಡಿಯಲ್ಲಿ ನಮ್ಮ ಕಡೆಯವರದೊಂದು ಖಾನಾವಳಿ ಇತ್ತು, ಅಲ್ಲಿಗೆ ದಿನಕ್ಕೆ ಅರವತ್ತು ರೊಟ್ಟಿ ಹಾಕಲು ಒಪ್ಪಿಕೊಂಡೆ. ತಂಪು ಗಾಳಿಯ ಸಲುವಾಗಿ ಮಾರ್ಚ್ ತಿಂಗಳಲ್ಲಿ ಬೆಳಗಿನ ಮೂರು ತಾಸು ಹೆಂಚಿನ ಮುಂದೆ ಬೇಯುತ್ತಿದ್ದೆ. ಮೊಮ್ಮಗುವಿಗೆ ಅಂತ ಇಟ್ಟಿದ್ದ ದುಡ್ಡಿನಲ್ಲಿ ಬಂಗಾರದ ಸರ ಹೋಗಿ ಬಂಗಾರದ ಉಂಗುರವಾಯಿತು, ಆಮೇಲೆ ಬೆಳ್ಳಿಯ ಉಡಿದಾರವಾಯಿತು. ಯಜಮಾನರು ಹೊಸ ಚಷ್ಮಾ ಮಾಡಿಸಬೇಕಿತ್ತು. ಅದು ಮುಂದೆ ಹೋಯಿತು. ಹಳೆಯದರ ಕಡ್ಡಿಗೆ ದಾರ ಸುತ್ತಿಕೊಂಡು ಅವರು ಪೇಪರ್ ಓದುತ್ತಿದ್ದರು. "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು" ಅಂತ ಒಂದು ಸಲ ಪೇಪರಿನ ಹಿಂದಿನಿಂದ ಧ್ವನಿ ಬಂತು. ಪೇಪರಿನಲ್ಲಿ ಬಂದ ಸುದ್ದಿ ಅನ್ನುವ ಹಾಗೆ ನಾನು ಕೇಳಿಸಿಕೊಳ್ಳಲಿಲ್ಲ.

ಮಾರ್ಚ್ ಕೊನೆಗೆ ಎ.ಸಿ. ಬಂತು. ದುಡ್ಡು ಇದ್ದದ್ದು ಒಂದಕ್ಕೆ. ಆದ್ದರಿಂದ ಬಾಣಂತಿಗೆ ಅಂತ ಸಜ್ಜು ಮಾಡಿದ್ದ ಒಳಕೋಣೆಯಲ್ಲಿ, ಮಂಚದ ತಲೆದಿಂಬಿನ ನೇರಕ್ಕೆ ಹಾಕಿಸಿದೆ. ಅವತ್ತು ನಾವಿಬ್ಬರೂ ತಾಟು ಹಿಡಿದುಕೊಂಡು ಆ ಕೋಣೆಯಲ್ಲೇ ಊಟಕ್ಕೆ ಕೂತೆವು. ತಂಪು ನೋಡಿದೆವು. ಮಗಳಿಗೆ ಫೋನು ಮಾಡಿ, ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದೆ.

"ಕೇಳು. ಸಪ್ಪಳ ಕೇಳಸ್ತದೇನು?"

"ಏನೂ ಕೇಳಸವಲ್ದವ್ವ."

"ಹಾಂ. ಹಂಗದ ಮಶಿನ್. ನಿಮ್ಮ ಅತ್ತೆಯವರಿಗೂ ಹೇಳು."

ಏಪ್ರಿಲ್ ಎರಡನೆಯ ವಾರ ಮಗಳು ಹೆತ್ತಳು. ಹೆಣ್ಣು ಕೂಸು. ಐದನೆಯ ದಿನ ಆಸ್ಪತ್ರೆಯಿಂದ ನೇರ ನಮ್ಮ ಮನೆಗೇ ಬಂದಳು. ಆರತಿ ಎತ್ತಿ ಒಳಗೆ ಕರೆದುಕೊಂಡೆ. ಬೀಗಿತ್ತಿ ಮೂರು ಮಹಡಿ ಹತ್ತಿ ಬಂದು, ಬೆವರು ಒರೆಸಿಕೊಂಡು, ಕೂಸಿನ ಚೀಲ ಕೆಳಗಿಟ್ಟು, ಸಂಜೆಗೆ ವಾಕಡಕ್ಕೆ ತಿರುಗಿ ಹೋದರು. ಕಿಟಕಿಯಿಂದ ನೋಡುತ್ತ ನಿಂತೆ. ಗೆದ್ದೆ ಅನ್ನಿಸಿತು.

ಮರುದಿನ ಬೆಳಗ್ಗೆ ಎರೆಯುವ ಹೆಂಗಸು ಬಂದಳು. ಯಾದಗಿರಿಯ ಕಡೆಯವಳು, ಅವಳ ಗಂಡ ಹತ್ತಿರದಲ್ಲೇ ಏಳುತ್ತಿದ್ದ ಬಿಲ್ಡಿಂಗಿನಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವುದರಲ್ಲಿ ಅವಳ ಕೈ ಭಾಳ ಹದ ಅಂತ ನಾಲ್ಕು ಜನ ಹೇಳಿದ್ದರು. ಒಳಕೋಣೆಗೆ ಬಂದವಳು ಮಗಳನ್ನು ನೋಡುವ ಬದಲು ಗೋಡೆಯನ್ನು ನೋಡಿ ನಿಂತಳು.

"ಎವ್ವಾ, ಬಾಣಂತಿ ತಲಿದಿಂಬಿಗಿ ಇದೇನ ಪೆಟಗಿ ಬಡಿಸೀರಿ?"

"ಎ.ಸಿ. ಅದು. ತಂಪು ಗಾಳಿ ಬಿಡ್ತದ."

ಅವಳು ನನ್ನ ಮುಖ ನೋಡಿದಳು. ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡು ಸೆರಗು ಬಾಯಿಗೆ ಹಿಡಿದು ನಕ್ಕಳು. ನಾನು ನಗದೇ ಇದ್ದದ್ದು ನೋಡಿ ಅವಳ ನಗು ನಿಂತಿತು.

"ಬಾಣಂತಿಗಿ ತಂಪ ಗಾಳಿ? ಬ್ಯಾಡ್ರೀ ಎವ್ವಾ. ಹಸೀ ಮೈ ಅದ. ಕಿವಿಯಾಗ ಗಾಳಿ ಹೋದ್ರ ಮುಂದ ಜಲಮೆಲ್ಲಾ ತಲಿನೋವು. ಮೊದಲ ಆ ಕಿಡಕಿ ಮುಚ್ರಿ."

ನಾನು ಅಲ್ಲೇ ಮಂಚದ ಕಾಲು ಹಿಡಿದು ಕೂತೆ. ಅವಳು ಹೇಳಿದ್ದು ನನಗೆ ಗೊತ್ತಿಲ್ಲದ ಮಾತೇ? ನನ್ನ ಬಾಣಂತನದಲ್ಲಿ ನನ್ನ ತಾಯಿ ಕಿವಿಗೆ ಅರಳೆ ತುರುಕಿ, ತಲೆಗೆ ಸ್ಕಾರ್ಫ್ ಕಟ್ಟಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಬಾಗಿಲ ಸಂದಿಗೂ ಬಟ್ಟೆ ತುಂಬಿದ್ದಳು. ಕೆಳಗಿನ ಮನೆಯ ಮರಾಠಿ ಬಾಣಂತಿ ಪಂಖಾ ಹಾಕಿಕೊಂಡು ಮಲಗಿದ್ದಾಗ ಬುದ್ಧಿ ಹೇಳಿ ಬಂದವಳು ನಾನೇ. ಕುಲಾಯಿ ಹೊಲಿದವಳೂ ನಾನೇ, ಧೋತರ ಕುದಿಸಿಟ್ಟವಳೂ ನಾನೇ. ಮೂರು ತಿಂಗಳು ಮೀಟರು, ನಳಿಗೆ, ಸ್ಟ್ಯಾಂಡು ಅಂತ ಲೆಕ್ಕ ಹಾಕಿದೆ. ಬಾಣಂತಿಗೆ ಗಾಳಿ ಸೋಕಬಾರದು ಎಂಬ ಮಾತು ಒಂದು ದಿನವೂ ನನ್ನ ತಲೆಗೆ ಬರಲಿಲ್ಲ. ಬರಲು ಜಾಗ ಎಲ್ಲಿತ್ತು? ತಲೆಯೊಳಗೆಲ್ಲ ಬೀಗಿತ್ತಿಯೇ ಕೂತಿದ್ದರು.

ಸಂಜೆ ಯಜಮಾನರಿಗೆ ಹೇಳಿದೆ. ಅವರು ದಾರ ಸುತ್ತಿದ ಚಷ್ಮಾ ತೆಗೆದು ಒರೆಸಿದರು.

"ನನಗ ಗೊತ್ತಿತ್ತು."

"ಗೊತ್ತಿದ್ದು ಯಾಕ ಹೇಳ್ಲಿಲ್ಲ?"

"ನೀ ಕೇಳೂ ಹಂಗಿದ್ದೇನು?"

ಡಾಕ್ಟರು ಮಾತ್ರ ಬೇರೆಯೇ ಹೇಳಿದ್ದರು. ಇಷ್ಟು ಸೆಖೆಯಲ್ಲಿ ಕೋಣೆ ಮುಚ್ಚಬೇಡಿ, ನೇರ ಮೈಮೇಲೆ ಬೀಳದ ಹಾಗೆ ಎ.ಸಿ.ಯನ್ನು ಇಪ್ಪತ್ತೇಳು ಡಿಗ್ರಿಗೆ ಇಟ್ಟರೆ ತಾಯಿಗೂ ಒಳ್ಳೆಯದು, ಕೂಸಿಗೂ ಒಳ್ಳೆಯದು ಅಂತ. ಮಗಳು ಅದನ್ನೇ ದಿನಾ ಹೇಳಿದಳು. ನಾನು ಒಪ್ಪಲಿಲ್ಲ. ಸಂಪ್ರದಾಯದ ಭಯ ಅರ್ಧ ಇತ್ತು, ಸುಳ್ಳು ಯಾಕೆ ಹೇಳಲಿ. ಇನ್ನರ್ಧ ಬೇರೆ: ನಾಳೆ ಬೀಗಿತ್ತಿ ಬಂದು, ತವರಿನಲ್ಲಿ ಬಾಣಂತಿಗೆ ತಂಪು ಗಾಳಿ ಕೊಟ್ಟರಲ್ಲ ಅಂದುಬಿಟ್ಟರೆ? ಎ.ಸಿ. ಇಲ್ಲ ಅನ್ನಿಸಿಕೊಳ್ಳಬಾರದು ಅಂತ ತಂದದ್ದು, ಈಗ ಎ.ಸಿ. ಹಾಕಿದರು ಅನ್ನಿಸಿಕೊಳ್ಳಬಾರದು ಅಂತ ಬಂದ್ ಇಟ್ಟೆ.

ಅದರ ಬಿಸಿಗಾಳಿಯನ್ನಾದರೂ ಬಳಸೋಣ ಅಂತ ಒಂದು ದಿನ ನೋಡಿದೆ. ಎರೆದ ಮೇಲೆ ಬಾಣಂತಿಯ ತಲೆ ಒಣಗಿಸಲು ಎರೆಯುವಾಕೆ ಕೆಂಡ ಕೇಳಿದಳು. ಕೂಸಿಗೆ ಹೊಗೆ ಬೇಡ ಅಂತಲೂ ಡಾಕ್ಟರು ಹೇಳಿದ್ದರು. ಏಳು ಸಾವಿರ ಹೆಚ್ಚು ಕೊಟ್ಟದ್ದು ನೆನಪಾಗಿ ಬಿಸಿಗಾಳಿಯ ಗುಂಡಿ ಒತ್ತಿದೆ. ಪೆಟ್ಟಿಗೆ ಬಾಯಿ ತೆರೆಯಿತು, ಸ್ವಲ್ಪ ಹೊತ್ತು ನಿಂತಿತು, ಏನೂ ಬರಲಿಲ್ಲ. ಅದಕ್ಕೆ ಮೂವತ್ತು ಡಿಗ್ರಿಯ ಮೇಲೆ ಕಾಯಿಸಲು ಬರುವುದಿಲ್ಲವಂತೆ. ನಮ್ಮ ಕೋಣೆ ಆಗಲೇ ಅದನ್ನು ದಾಟಿ ಮುಂದೆ ಹೋಗಿತ್ತು.

ಬೀಗಿತ್ತಿ ಪ್ರತಿ ಭಾನುವಾರ ಬರುತ್ತಿದ್ದರು. ವಾಕಡದಿಂದ ಕಾತ್ರಜಕ್ಕೆ ಆಗ ಒಂದೂವರೆ ತಾಸಿನ ದಾರಿ. ಮಗ ಕೆಳಗೆ ಬಿಟ್ಟು ಕೆಲಸವಿದೆ ಅಂತ ಹೋಗುತ್ತಿದ್ದ. ಅವರು ಒಂದೊಂದೇ ಮೆಟ್ಟಿಲು ಹತ್ತಿ ಬಂದು, ಆ ಮುಚ್ಚಿದ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಇಸ್ತ್ರಿಯ ಸೀರೆ ಬೆನ್ನಿಗೆ ಅಂಟುತ್ತಿತ್ತು. ನಾನು ಅದನ್ನು ತಪಾಸಣೆ ಅಂದುಕೊಂಡಿದ್ದೆ. ಅದಕ್ಕೇ ಅವರು ಬರುವ ದಿನ ಬೆಳಗ್ಗೆಯೇ ಕೋಣೆ ಒರೆಸಿ, ಪ್ಲಾಸ್ಟಿಕ್ ಹೊದಿಕೆ ತೆಗೆಯದ ರಿಮೋಟನ್ನು ಅವರಿಗೆ ಕಾಣುವ ಹಾಗೆ ಸ್ಟೂಲಿನ ಮೇಲೆ ಇಡುತ್ತಿದ್ದೆ. ಅವರು ಕೂಸನ್ನು ನೋಡುತ್ತಿದ್ದರು, ನಾನು ಅವರನ್ನು ನೋಡುತ್ತಿದ್ದೆ.

ಮೇ ತಿಂಗಳ ಒಂದು ಭಾನುವಾರ ಬಿಸಿಲೇರುವ ಮೊದಲೇ ಬಂದರು. ಅವತ್ತು ಎರೆಯುವ ಹೆಂಗಸು ಬೇಗ ಬಂದು ಮಗಳಿಗೆ ಎರೆದು ಹೋಗಿದ್ದಳು. ಕೂಸಿಗೆ ಎರೆಯುವುದು ಇನ್ನೂ ಉಳಿದಿತ್ತು. ಆ ಕೆಲಸ ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ, ಎರೆಯುವಾಕೆಗೂ ಸಹ. ಮಗಳ ಕತ್ತು, ಬೆನ್ನು ಎಲ್ಲ ಬೆವರುಗುಳ್ಳೆ ಎದ್ದು ಕೆಂಪಾಗಿತ್ತು. ಬೀಗಿತ್ತಿ ಅದನ್ನು ನೋಡಿದರು, ರಿಮೋಟು ನೋಡಿದರು, ಕೊನೆಗೆ ಕೇಳಿದರು.

"ಎ.ಸಿ. ಹಾಕೋದೇ ಇಲ್ವಾ?"

ಇದಕ್ಕೇ ಕಾಯುತ್ತಿದ್ದೆ. "ಬಾಣಂತಿ ಕೋಣಿ ಅಲ್ಲೇನ್ರಿ? ನಮ್ಮ ಕಡೆ ಗಾಳಿ ಸೋಕಸೂದಿಲ್ಲ. ನಿಮ್ಮಲ್ಲಿ ಹೆಂಗೋ ಏನೋ, ನಿಮ್ಮ ಮನ್ಯಾಗಾಗಿದ್ರ ಹಾಕ್ತಿದ್ರೇನೋ."

"ಇಲ್ಲಪ್ಪ" ಅಂದರು ಅವರು. "ನಮ್ಮಲ್ಲೂ ಹಾಕಲ್ಲ. ನಲವತ್ತು ದಿವಸ ಫ್ಯಾನೂ ಹಾಕಲ್ಲ."

"ಮತ್ತ ಅವತ್ತು ಎ.ಸಿ. ಅದ, ಇಲ್ಲೇ ಆಗ್ಲಿ ಅಂದ್ರಿ?"

ಅವರು ಸೆರಗಿನಿಂದ ಕತ್ತು ಒರೆಸಿಕೊಂಡರು.

"ಇನ್ನೇನು ಹೇಳ್ಲಿ? ಬಾಣಂತನ ತವರ್ಮನೇದು. ನನ್ನ ಹತ್ರ ಇರು ಅಂತ ಕೇಳೋಕೆ ನನಗೆ ಯಾವ ಹಕ್ಕಿದೆ? ಎ.ಸಿ. ಒಂದಿತ್ತು, ಅದನ್ನೇ ಹೇಳ್ದೆ. ನನಗಿರೋದು ಇಬ್ರೂ ಗಂಡುಮಕ್ಕಳು. ದೊಡ್ಡೋನಿಗೆ ಎರಡು ಮಕ್ಕಳಾಯ್ತು, ಎರಡು ಸಲಾನೂ ಸೊಸೆ ಅವರಮ್ಮನ ಮನೆಗೆ ಹೋದ್ಲು. ನನ್ನ ಮನೇಗೆ ಬರೋವಾಗ ಮಕ್ಕಳು ಕೂತು ಆಡ್ತಾ ಇದ್ವು. ಈ ಸಲನೂ ಹಾಗೇ ಆಗತ್ತೆ ಅಂತ ಗೊತ್ತಿತ್ತು. ಆದ್ರೂ ಕೇಳ್ದೆ." ಆಮೇಲೆ ನನ್ನ ಕಡೆ ನೋಡದೆ, ಯಾವ ನಾಚಿಕೆಯೂ ಇಲ್ಲದೆ ಹೇಳಿದರು: "ನಿಮಗೆ ಒಬ್ಬಳಾದ್ರೂ ಮಗಳಿದಾಳೆ. ನಿಜ ಹೇಳ್ತೀನಿ, ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯತ್ತೆ."

ಇಂಥ ಮಾತು ಕೇಳಿದರೆ ಮನುಷ್ಯರಿಗೆ ಕನಿಕರ ಹುಟ್ಟಬೇಕು. ನನಗೆ ಮೊದಲು ಹುಟ್ಟಿದ್ದು ಖುಷಿ. ಐವತ್ತು ವರ್ಷ ಕಂಡಕಂಡವರನ್ನು ನೋಡಿ ಉರಿದುಕೊಂಡ ನನ್ನನ್ನು ನೋಡಿ ಉರಿದುಕೊಳ್ಳುವ ಒಬ್ಬರು, ಅದೂ ಪೆನ್ಶನ್ ಬರುವವರು, ಎ.ಸಿ. ಇರುವವರು, ಎದುರಿಗೇ ಕೂತಿದ್ದರು. ಆ ಸುಖ ಎಳೆನೀರು ಕುಡಿದ ಹಾಗಿತ್ತು. ಅವರ ನೆಪವೊಂದನ್ನು ಸೋಲಿಸಲು ನಾನು ಮನೆ ಬರಿದು ಮಾಡಿಕೊಂಡೆನಲ್ಲ ಎಂಬ ಬುದ್ಧಿ ಬಂದದ್ದು ಅದರ ಹಿಂದಿನಿಂದ, ನಿಧಾನವಾಗಿ. ಮುಖ ಎತ್ತಿ ಅವರನ್ನು ನೋಡಲು ಆಗಲಿಲ್ಲ.

ಅಷ್ಟರಲ್ಲಿ ಮಂಚದ ಮೇಲಿಂದ ಮಗಳು ಎದ್ದು ಕೂತಳು. ಅವಳು ನಿದ್ದೆ ಮಾಡುತ್ತಿದ್ದಾಳೆ ಅಂತ ನಾವು ತಿಳಿದಿದ್ದೆವು.

"ನಿಮ್ಮಿಬ್ಬರ ನಡುವ ನಾ ಇಲ್ಲಿ ಸುಟ್ಟ ಹೋಗ್ಲಿಕ್ಕೆ ಹತ್ತೀನಿ. ಡಾಕ್ಟ್ರು ಹೇಳ್ಯಾರ. ಒಂದ ಎ.ಸಿ. ಹಾಕ್ರಿ, ಇಲ್ಲಾ ಇಬ್ಬರೂ ಹೊರಗ ನಡೀರಿ!"

ನಾನು ಬೀಗಿತ್ತಿಯನ್ನು ನೋಡಿದೆ. ಬೀಗಿತ್ತಿ ನನ್ನನ್ನು ನೋಡಿದರು. "ಇಪ್ಪತ್ತೇಳು ಅಂದ್ರಲ್ವಾ ಡಾಕ್ಟ್ರು?" ಅಂದರು ಅವರು. "ಹೌದ್ರಿ" ಅಂದೆ ನಾನು. "ನಂದೇನೂ ಅಡ್ಡಿಯಿಲ್ಲ" ಅಂದರು. "ನಂದೂ ಇಲ್ಲ ಬಿಡ್ರಿ" ಅಂದೆ. ಪ್ಲಾಸ್ಟಿಕ್ ಹೊದಿಕೆಯ ಮೇಲಿನಿಂದಲೇ ಗುಂಡಿ ಒತ್ತಿದೆ. ಮಗಳ ಕಿವಿಯ ಅರಳೆ ಮಾತ್ರ ಇಬ್ಬರೂ ತೆಗೆಯಗೊಡಲಿಲ್ಲ. ಹತ್ತು ನಿಮಿಷದಲ್ಲಿ ಅವಳ ಹಣೆಯ ಬೆವರು ಆರಿತು, ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ನಾನು ಕೂಸಿಗೆ ಎರೆಯಲು ಎದ್ದೆ. ಬೀಗಿತ್ತಿಯೂ ಎದ್ದು ಬಚ್ಚಲ ಬಾಗಿಲ ತನಕ ನನ್ನ ಹಿಂದೆ ಬಂದರು.

"ಇವತ್ತೊಂದು ದಿವಸ ನಾನು ಎರೀಲಾ ಮಗೂಗೆ?"

ನನ್ನ ಎರಡೂ ಕೈ ಕೂಸನ್ನು ಇನ್ನಷ್ಟು ಬಿಗಿ ಹಿಡಿದವು. "ನಿಮಗ ಕೆಳಗ ಕೂಡ್ಲಿಕ್ಕೆ ಆಗಂಗಿಲ್ಲ, ತ್ರಾಸ ಆಗ್ತದ" ಅಂದೆ. ಅವರ ಮೊಣಕಾಲಿನ ಚಿಂತೆ ನನಗೆ ಅವತ್ತಿನ ತನಕ ಒಮ್ಮೆಯೂ ಬಂದಿರಲಿಲ್ಲ. "ಕೂರ್ತೀನಿ" ಅಂದರು ಅವರು. ನಾನ್ಯಾಕೆ ಕೊಡಬೇಕು? ಇದು ನನ್ನ ಪಾಲಿನದು, ಇದೊಂದಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು? ಇನ್ನೊಂದು ಸಬೂಬು ಹುಡುಕುತ್ತಿದ್ದೆ.

"ಕೊಡವ್ವ" ಅಂದಳು ಮಗಳು, ಒಳಗಿನಿಂದ, ಕಣ್ಣು ತೆರೆಯದೆ.

ಕೊಟ್ಟೆ. ಬೀಗಿತ್ತಿ ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಕ್ಕಿಸಿ, ಒಂದು ಕೈ ಗೋಡೆಗೆ ಕೊಟ್ಟು, ಹಲ್ಲು ಕಚ್ಚಿ, ಮಣೆಯ ಮೇಲೆ ಕೂತು ಎರಡೂ ಕಾಲು ಮುಂದೆ ಚಾಚಿದರು. ನಾನು ಕೂಸನ್ನು ಅವರ ಕಾಲ ಮೇಲೆ ಬೋರಲು ಮಲಗಿಸಿದೆ. ಅವರಿಗೆ ಹಿಡಿಯಲು ಎರಡೂ ಕೈ ಬೇಕಾಗಿತ್ತು, ನೀರು ಹಾಕುವವರು ಬೇರೆ ಯಾರೂ ಇರಲಿಲ್ಲ. ತಂಬಿಗೆ ನಾನೇ ಹಿಡಿದೆ.

ಇಪ್ಪತ್ತೈದು ದಿನ ನನ್ನ ಕಾಲ ಮೇಲೆ ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಅರಚಿದ ಕೂಸು ಅವತ್ತು ಅಳಲಿಲ್ಲ. ಮೊದಲ ನೀರು ಬಿದ್ದಾಗ ಒಂದು ಸಲ ಮುಖ ಕಿವಿಚಿತು, ಆಮೇಲೆ ಅವರ ಮೀನಖಂಡಕ್ಕೆ ಕೆನ್ನೆ ಒತ್ತಿ ಸುಮ್ಮನಾಯಿತು. ಇಸ್ತ್ರಿಯ ಸೀರೆ ಪೂರ್ತಿ ತೊಯ್ದಿತ್ತು. ಬೀಗಿತ್ತಿ ಅಳುತ್ತಿದ್ದರೋ, ಮುಖಕ್ಕೆ ನೀರು ಸಿಡಿದಿತ್ತೋ, ನಾನು ನೋಡಲು ಹೋಗಲಿಲ್ಲ. ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಜನವರಿಯಲ್ಲಿ ಉರಿದದ್ದು ಇದರ ಮುಂದೆ ಏನೂ ಅಲ್ಲ.

"ಇನ್ನೊಂದು ತಂಬಿಗೆ ಹಾಕಿ" ಅಂದರು ಅವರು, ಕೂಸಿನ ಮೇಲಿಂದ ಕಣ್ಣು ತೆಗೆಯದೆ.

ನಾನು ನೀರಿಗೆ ಕೈ ಅದ್ದಿ ಬಿಸಿ ನೋಡಿದೆ. ಸ್ವಲ್ಪ ತಣ್ಣೀರು ಬೆರೆಸಿ, ಹಾಕಿದೆ.